ಕನ್ನಡಿಗೆ ಮುಖ ಕೊಟ್ಟು, ಕುಣಿತಕ್ಕೆ ಮೈ ಕೊಟ್ಟು



ಮಸ್ಕಿ ಊರಿನ ಮಗ್ಗುಲಿನ ಗುಡ್ಡದಲ್ಲಿ ಒಂದು ಬಂಡೆ ಇದೆ. 1915ರಲ್ಲಿ ಚಿನ್ನದ ಗಣಿಯ ಕೆಲಸಕ್ಕಾಗಿ ಈ ಸೀಮೆಯಲ್ಲಿ ಓಡಾಡುತ್ತಿದ್ದ ಬೀಡನ್ ಎಂಬ ಇಂಜಿನಿಯರರ ಕಣ್ಣಿಗೆ ಆ ಬಂಡೆಯ ಮೇಲಿನ ಅಕ್ಷರಗಳು ಬಿದ್ದವು. ಅದೇ ವರ್ಷ ವಿದ್ವಾಂಸ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಹೈದರಾಬಾದ್ ಸಂಸ್ಥಾನದ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು. ಅಲ್ಲಿಯವರೆಗೆ ದೊರೆತಿದ್ದ ಇಂಥ ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ಇದ್ದವು. ಮಸ್ಕಿಯ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರೇ ಇತ್ತು. ಬಿರುದಿನ ಹಿಂದೆ ಇದ್ದ ಮನುಷ್ಯ ಮೊದಲ ಬಾರಿಗೆ ಹೆಸರು ಹಿಡಿದು ಎದುರಿಗೆ ನಿಂತ ಸ್ಥಳ ಇದು.

ಈ ಸಂಗತಿ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಈ ಗುಂಪಿನ ಶಾಸನಗಳಲ್ಲಿ ಅಶೋಕ ಹೇಳಿಕೊಂಡ ಮಾತು ಅಷ್ಟಾಗಿ ಪ್ರಚಾರದಲ್ಲಿಲ್ಲ. ತಾನು ಬುದ್ಧನ ದಾರಿ ಹಿಡಿದು ಎರಡೂವರೆ ವರ್ಷಗಳ ಮೇಲಾಯಿತು, ಮೊದಮೊದಲು ಹೇಳಿಕೊಳ್ಳುವಂಥ ಪ್ರಯತ್ನ ಮಾಡಲಿಲ್ಲ, ಆಮೇಲೆ ಮನಸ್ಸಿಟ್ಟು ದುಡಿದೆ ಎಂಬರ್ಥದ ಒಕ್ಕಣೆ ಅಲ್ಲಿದೆ. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಇದು ಸಾಧ್ಯ ಎಂಬ ಭರವಸೆಯೂ ಇದೆ. ಒಬ್ಬ ಚಕ್ರವರ್ತಿ ತನ್ನ ಕೊರತೆಯನ್ನು ತಾನೇ ಕಲ್ಲಿನಲ್ಲಿ ಕೊರೆಯಿಸಿದ್ದು ಚರಿತ್ರೆಯಲ್ಲಿ ಅಪರೂಪ. ಬಣ್ಣ, ಕುಂಚ ಇಲ್ಲದಿದ್ದರೂ ಅದೊಂದು ಆತ್ಮಚಿತ್ರವೇ ಸರಿ.

ಇವತ್ತಿನ ವಿಷಯಕ್ಕೂ ಈ ಬಂಡೆಗೂ ಸಂಬಂಧವಿದೆ. ತನ್ನ ಮುಖವನ್ನು ತಾನೇ ಬರೆದುಕೊಳ್ಳುವುದು, ತನ್ನ ಮೈಯ ಚಲನೆಯನ್ನು ತಾನೇ ಗಮನಿಸುತ್ತ ಕುಣಿಯುವುದು, ಈ ಎರಡರಿಂದ ಮನಸ್ಸಿನ ಗಾಯ ಮಾಯಲು ನೆರವು ಸಿಗುತ್ತದೆಯೇ ಎಂಬುದು ಪ್ರಶ್ನೆ. ಪಟ್ಟಣದವರ ಹೊಸ ಹವ್ಯಾಸ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಬದುಕಿನಲ್ಲಿ ಇದರ ಬೇರುಗಳು ಹಳೆಯವು. ಇದರ ಅಗತ್ಯವೂ ಸಣ್ಣದಲ್ಲ.

ಮೈಯೇ ಹೇಳುವ ಮಾತು

ಈ ಭಾಗದಲ್ಲಿ ಮನಸ್ಸಿಗೆ ನೋವಾದವರು ‘ಮನಸ್ಸಿಗೆ ನೋವಾಗಿದೆ’ ಎಂದು ಹೇಳುವುದು ಕಡಿಮೆ. ‘ಎದಿ ಭಾರ ಆಗೇದ’ ಎನ್ನುತ್ತಾರೆ. ‘ಕೈಕಾಲು ಜೋಂ ಹಿಡದಾವ’, ‘ತಲಿ ಗಿಮ್ ಅಂತದ’, ‘ಜೀವಕ್ಕ ಬ್ಯಾಸರ ಆಗೇದ’ ಎನ್ನುತ್ತಾರೆ. ಗುಳಿಗೆ ಕೇಳಿಕೊಂಡು ದವಾಖಾನೆಗೆ ಬಂದವರಿಗೆ ರಕ್ತದ ಪರೀಕ್ಷೆಯಲ್ಲಿ ಏನೂ ಕಾಣದೇ ಹೋಗಬಹುದು. ಹಾಗೆಂದು ಅವರು ಸುಳ್ಳು ಹೇಳುತ್ತಿದ್ದಾರೆಂದಲ್ಲ. ಬಾಯಿಗೆ ಬಾರದ ದುಃಖ ಮೈಯೊಳಗೆ ಮನೆ ಮಾಡಿಕೊಂಡಿರುತ್ತದೆ.

ಅದಕ್ಕೆ ಕಾರಣಗಳು ಕಣ್ಣೆದುರಿಗೇ ಇವೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ಕಣಜವಾಯಿತು. ಆದರೆ ಕಾಲುವೆಯ ಕೊನೆಯ ಭಾಗದ ರೈತ ಪ್ರತಿ ಹಂಗಾಮಿನಲ್ಲೂ ನೀರಿಗಾಗಿ ಕಾಯುತ್ತ ಕೂರಬೇಕು. ಮಸ್ಕಿ, ಲಿಂಗಸುಗೂರಿನ ಒಣಭೂಮಿಯಲ್ಲಿ ಮಳೆ ಕೈಕೊಟ್ಟರೆ ಗುಳೆ ಹೋಗುವುದೇ ಗತಿ. ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದಡಿಗೆ ಇಳಿಯುವ ಕಾರ್ಮಿಕನ ದಿನ ಕತ್ತಲೆಯಲ್ಲೇ ಕಳೆಯುತ್ತದೆ. ಸಿಂಧನೂರಿನ ಸುತ್ತಲಿನ ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಲಿ ನಿರಾಶ್ರಿತ ಕುಟುಂಬಗಳ ಹಿರಿಯರು ಬಿಟ್ಟುಬಂದ ಊರಿನ ನೆನಪು ಹೊತ್ತೇ ಬದುಕಿದವರು. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದ ಮೇಲೂ, ಮುತ್ತು ಕಟ್ಟಿಸಿಕೊಂಡ ತಾಯಂದಿರ ಮತ್ತು ಅವರ ಮಕ್ಕಳ ಮನಸ್ಸಿನ ಅವಮಾನ ಕಾಯ್ದೆಯಿಂದ ಅಳಿದುಹೋಗಲಿಲ್ಲ.

ಇಷ್ಟೆಲ್ಲ ಭಾರ ಇರುವ ಕಡೆ ‘ಹೇಳಿಕೋ, ಹಗುರಾಗುತ್ತದೆ’ ಎಂಬ ಉಪದೇಶ ಸಾಲದು. ಹೇಳಿಕೊಳ್ಳಲು ಮಾತು ಬೇಕು, ಕೇಳುವವರು ಬೇಕು, ಹೇಳಿದ್ದು ಊರಿಗೆಲ್ಲ ಹಬ್ಬುವುದಿಲ್ಲ ಎಂಬ ನಂಬಿಕೆ ಬೇಕು. ಅದು ಸಿಗದ ಕಡೆ ಒಂದು ಗೆರೆ, ಒಂದು ಹೆಜ್ಜೆ ಮಾತಿನ ಕೆಲಸ ಮಾಡಬಲ್ಲದು. ಚಿತ್ರ ಚಿಕಿತ್ಸೆ, ನೃತ್ಯ ಚಲನೆ ಚಿಕಿತ್ಸೆ ಎಂದು ಇವತ್ತು ಕರೆಯುವ ಎರಡೂ ಪದ್ಧತಿಗಳು ಹುಟ್ಟಿದ್ದು ಈ ತಿಳಿವಳಿಕೆಯಿಂದ.

ಕನ್ನಡಿಯ ಮುಂದೆ ಕೂತವರು

ತನ್ನ ಚಿತ್ರ ತಾನೇ ಬರೆಯಬೇಕಾದರೆ ಮೊದಲು ತನ್ನನ್ನು ನೋಡಿಕೊಳ್ಳಬೇಕು. ದಿನವೂ ಕನ್ನಡಿ ನೋಡುವವರಿಗೆ ಅದರಲ್ಲೇನು ಹೆಚ್ಚುಗಾರಿಕೆ ಎನಿಸಬಹುದು. ಆದರೆ ತಲೆ ಬಾಚಲು, ಕುಂಕುಮ ಇಡಲು, ಗಡ್ಡ ಹೆರೆಯಲು ನೋಡುವ ನೋಟ ಬೇರೆ. ಹುಬ್ಬುಗಳ ನಡುವಿನ ಗೆರೆ ಯಾವಾಗ ಮೂಡಿತು, ಬಾಯಿಯ ಒಂದು ಬದಿ ಏಕೆ ಬಿಗಿದುಕೊಂಡಿದೆ ಎಂದು ನಿಧಾನವಾಗಿ ನೋಡುವ ನೋಟ ಬೇರೆ.

ಮೆಕ್ಸಿಕೋದ ಫ್ರೀಡಾ ಕಾಹ್ಲೋ 1925ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಬಸ್ ಅಪಘಾತಕ್ಕೆ ಸಿಕ್ಕಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಮಲಗಿದಲ್ಲಿಂದಲೇ ಬರೆಯಲು ಬರುವಂತೆ ತಾಯಿ ಒಂದು ಚಿತ್ರಫಲಕ ಮಾಡಿಸಿಕೊಟ್ಟರು. ಹಾಸಿಗೆಯ ಮೇಲ್ಗಡೆ ಒಂದು ಕನ್ನಡಿ ಕಟ್ಟಿಸಿದರು. ಎದುರಿಗೆ ಕಾಣುತ್ತಿದ್ದುದು ತನ್ನ ಮುಖ ಒಂದೇ. ಫ್ರೀಡಾ ಅದನ್ನೇ ಬರೆದರು, ಜೀವಮಾನವಿಡೀ ಬರೆದರು. ಮುರಿದ ಬೆನ್ನುಮೂಳೆಯನ್ನೂ ಕಣ್ಣೀರನ್ನೂ ಮುಚ್ಚಿಡದೆ ಬರೆದ ಆ ಚಿತ್ರಗಳು ಇವತ್ತು ಲೋಕಪ್ರಸಿದ್ಧ. ಅವರ ನೋವು ಚಿತ್ರದಿಂದ ಹೋಗಲಿಲ್ಲ ಎಂಬುದನ್ನೂ ಗಮನಿಸಬೇಕು. ನೋವಿನ ಜೊತೆ ಬಾಳುವ ಒಂದು ದಾರಿ ಮಾತ್ರ ದೊರೆಯಿತು.

ಇನ್ನೊಂದು ಉದಾಹರಣೆ ಮನ ಕಲಕುವಂಥದು. ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ವಿಲಿಯಂ ಅಟರ್ಮೋಲನ್ ಎಂಬ ಕಲಾವಿದರಿಗೆ 1995ರಲ್ಲಿ ಮರೆವಿನ ಕಾಯಿಲೆ, ಅಂದರೆ ಆಲ್ಜೈಮರ್ ಇದೆ ಎಂದು ತಿಳಿಯಿತು. ಆ ಮೇಲೆ ಕೆಲವು ವರ್ಷ ಅವರು ತಮ್ಮ ಮುಖವನ್ನೇ ಬರೆಯುತ್ತ ಹೋದರು. ಮೊದಲ ಚಿತ್ರಗಳಲ್ಲಿ ಕಣ್ಣು, ಮೂಗು, ಗದ್ದ ನೆಟ್ಟಗಿವೆ. ಬರಬರುತ್ತ ರೇಖೆಗಳು ಕಳಚಿಕೊಂಡು, ಕೊನೆಯಲ್ಲಿ ಮುಖದ ಗುರುತು ಮಾತ್ರ ಉಳಿಯುತ್ತದೆ. ನೆನಪು ಜಾರಿಹೋಗುತ್ತಿದ್ದಾಗಲೂ ‘ನಾನು ಯಾರು’ ಎಂಬ ಪ್ರಶ್ನೆಯನ್ನು ಅವರು ಕೈಬಿಡಲಿಲ್ಲ. 2007ರಲ್ಲಿ ಅವರು ತೀರಿಕೊಂಡರು. ವೈದ್ಯರು, ಶುಶ್ರೂಷೆ ಮಾಡುವವರು ಇವತ್ತಿಗೂ ಆ ಚಿತ್ರಗಳನ್ನು ಮುಂದಿಟ್ಟುಕೊಂಡು ಆ ಕಾಯಿಲೆಯನ್ನು ಒಳಗಿನಿಂದ ಅರಿಯಲು ಯತ್ನಿಸುತ್ತಾರೆ.

ಚಿತ್ರವನ್ನು ಚಿಕಿತ್ಸೆ ಎಂದು ಕರೆಯುವ ಪದವನ್ನು ಮೊದಲು ಬಳಸಿದವರು ಇಂಗ್ಲೆಂಡಿನ ಕಲಾವಿದ ಏಡ್ರಿಯನ್ ಹಿಲ್. ಕ್ಷಯರೋಗದಿಂದ ಆಸ್ಪತ್ರೆ ಸೇರಿದ್ದಾಗ ಚಿತ್ರ ಬರೆಯುತ್ತ ತಾವು ಚೇತರಿಸಿಕೊಂಡು, ಆಮೇಲೆ ಪಕ್ಕದ ಮಂಚಗಳ ರೋಗಿಗಳಿಗೂ ಬರೆಯಲು ಹಚ್ಚಿದರು. 1942ರಲ್ಲಿ ಅವರು ಈ ಹೆಸರು ಕೊಟ್ಟರು. 1945ರಲ್ಲಿ ತಮ್ಮ ಅನುಭವವನ್ನು ಪುಸ್ತಕವಾಗಿ ತಂದರು.

ಕನ್ನಡ ನಾಡಿನಲ್ಲೂ ಗೆರೆ ಮತ್ತು ಹೆಜ್ಜೆ ಒಂದರ ಕೈ ಒಂದು ಹಿಡಿದದ್ದುಂಟು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಚಿತ್ರಕಾರರಾಗಿ ಹೆಸರು ಮಾಡಿದವರು. ಲಯವನ್ನು ಕಣ್ಣಿನಿಂದ ನೋಡಿದರೆ ಸಾಲದು, ಮೈಯಿಂದ ತಿಳಿಯಬೇಕು ಎಂದು ಅವರು ಪಂಡಿತ್ ಸುಂದರ್ ಪ್ರಸಾದರ ಬಳಿ ಕಥಕ್ ಕಲಿತರು. ಒಂದೇ ಎಳೆಯಲ್ಲಿ ನರ್ತಕಿಯ ಇಡೀ ಮೈ ಮೂಡುವ ಅವರ ರೇಖಾಚಿತ್ರಗಳ ಹಿಂದೆ ಆ ಕಲಿಕೆ ಇದೆ. ನಂದಿಕೇಶ್ವರನ ನೃತ್ಯಗ್ರಂಥದ ಹೆಸರೇ ‘ಅಭಿನಯದರ್ಪಣ’, ಅಂದರೆ ಅಭಿನಯದ ಕನ್ನಡಿ. ಬೇಲೂರಿನ ಶಿಲ್ಪಿ ಕನ್ನಡಿ ಹಿಡಿದ ಸುಂದರಿಯನ್ನೂ ಕುಣಿಯುವ ಸುಂದರಿಯರನ್ನೂ ಒಂದೇ ಗುಡಿಯಲ್ಲಿ ನಿಲ್ಲಿಸಿದ. ತನ್ನನ್ನು ನೋಡಿಕೊಳ್ಳುವುದೂ ಕುಣಿಯುವುದೂ ಹತ್ತಿರದ ಸಂಗತಿಗಳು ಎಂಬುದು ಹಿಂದಿನವರಿಗೆ ತಿಳಿದಿತ್ತು.

ಆಸ್ಪತ್ರೆಯ ವಾರ್ಡಿನಲ್ಲಿ ಕುಣಿತ

ಕುಣಿತ ಆಸ್ಪತ್ರೆಯೊಳಗೆ ಕಾಲಿಟ್ಟ ಕಥೆಯೂ ಸ್ವಾರಸ್ಯವಾಗಿದೆ. ಅಮೆರಿಕದ ಮೇರಿಯನ್ ಚೇಸ್ ವೃತ್ತಿಯಿಂದ ನೃತ್ಯಶಿಕ್ಷಕಿ. ರಂಗದ ಮೇಲೆ ಹೆಸರು ಮಾಡುವ ಆಸೆಯಿಲ್ಲದ ಕೆಲವರೂ ತಮ್ಮ ತರಗತಿಗೆ ತಪ್ಪದೆ ಬರುವುದನ್ನು ಅವರು ಕಂಡರು. ಇವರು ಏಕೆ ಬರುತ್ತಾರೆ ಎಂದು ಗಮನಿಸಿದಾಗ, ಕುಣಿತದಿಂದ ಅವರಿಗೆ ಸಿಗುತ್ತಿದ್ದುದು ಕಲೆಗಿಂತ ಹೆಚ್ಚಿನದೇನೋ ಎಂದು ತೋರಿತು. 1942ರಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆ ಅವರನ್ನು ಕರೆಸಿಕೊಂಡಿತು. ಎರಡನೆಯ ಮಹಾಯುದ್ಧದ ಕಾಲ ಅದು. ಯುದ್ಧದಲ್ಲಿ ಜರ್ಜರಿತರಾಗಿ ಬಂದ ಸೈನಿಕರಿಂದ ವಾರ್ಡುಗಳು ತುಂಬಿದ್ದವು. ಇವತ್ತಿನ ಔಷಧಗಳು ಆಗಿನ್ನೂ ಬಂದಿರಲಿಲ್ಲ.

ಮಾತೇ ಬಿಟ್ಟ ರೋಗಿಯ ಎದುರಿಗೆ ನಿಂತು ಚೇಸ್ ಅವನ ಚಲನೆಯನ್ನೇ ತಮ್ಮ ಮೈಯಲ್ಲಿ ತೋರಿಸುತ್ತಿದ್ದರು. ಅವನು ಮುಂದಕ್ಕೆ ಹಿಂದಕ್ಕೆ ತೂಗಿದರೆ ತಾವೂ ತೂಗುವರು. ಅವನು ಮುಷ್ಟಿ ಬಿಗಿದರೆ ತಾವೂ ಬಿಗಿಯುವರು. ಅಣಕಿಸುವುದಕ್ಕೂ ಇದಕ್ಕೂ ಬಹಳ ಅಂತರವಿದೆ. ‘ನೀನು ನನಗೆ ಕಾಣುತ್ತಿದ್ದೀಯ’ ಎಂದು ಮಾತಿಲ್ಲದೆ ತಿಳಿಸುವ ಬಗೆ ಇದು. ಆಮೇಲೆ ಎಲ್ಲರನ್ನೂ ಒಂದು ವೃತ್ತದಲ್ಲಿ ನಿಲ್ಲಿಸಿ, ಒಂದೇ ತಾಳಕ್ಕೆ ಹೆಜ್ಜೆ ಹಾಕಿಸುತ್ತಿದ್ದರು. 1966ರಲ್ಲಿ ಅಮೆರಿಕದ ನೃತ್ಯ ಚಿಕಿತ್ಸಕರ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷೆ ಇವರೇ.

ಭಾರತದಲ್ಲಿ ಈ ಕೆಲಸಕ್ಕೆ ಮೊದಲಿಟ್ಟವರಲ್ಲಿ ತ್ರಿಪುರಾ ಕಶ್ಯಪ್ ಪ್ರಮುಖರು. ಅಮೆರಿಕದಲ್ಲಿ ತರಬೇತಿ ಪಡೆದು ಬಂದ ಅವರು ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಅಂಗವಿಕಲರ ಜೊತೆ, ಮಾನಸಿಕ ಕಾಯಿಲೆಯವರ ಜೊತೆ ದುಡಿದರು. ಕೊಲ್ಕತ್ತದಲ್ಲಿ ಸೋಹಿನಿ ಚಕ್ರವರ್ತಿ 2004ರಲ್ಲಿ ಕಟ್ಟಿದ ‘ಕೊಲ್ಕತ್ತ ಸಂವೇದ್’ ಸಂಸ್ಥೆ, ಮಾನವ ಸಾಗಣೆಯ ಜಾಲದಿಂದ ಪಾರಾಗಿ ಬಂದ ಹೆಣ್ಣುಮಕ್ಕಳಿಗೆ ನೃತ್ಯ ಚಲನೆಯ ಮೂಲಕ ತಮ್ಮ ಮೈ ತಮ್ಮದೇ ಎಂಬ ಭಾವ ಮರಳಿ ಬರುವಂತೆ ಶ್ರಮಿಸಿದೆ. ಯಾರದೋ ಇಚ್ಛೆಗೆ ಒಳಗಾದ ಮೈಯ ಬಗ್ಗೆ ಆ ಹುಡುಗಿಯರಿಗೆ ಹೇಸಿಗೆ ಹುಟ್ಟಿರುತ್ತದೆ. ‘ಈ ಕೈ ನಾನು ಎತ್ತಿದರೆ ಏಳುತ್ತದೆ, ಬೇಡವೆಂದರೆ ನಿಲ್ಲುತ್ತದೆ’ ಎಂಬ ಸಣ್ಣ ಅನುಭವವೂ ಅಲ್ಲಿ ದೊಡ್ಡ ಗೆಲುವು.

ಕೊಡ ಹೊತ್ತು ಕುಣಿದ ಮಂಜಮ್ಮ

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನೆರೆಯ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಬದುಕನ್ನೇ ನೋಡಬಹುದು. ಕಲ್ಲುಕಂಬದಲ್ಲಿ ಮಂಜುನಾಥನಾಗಿ ಹುಟ್ಟಿದ ಮಗು, ತಾನು ಹೆಣ್ಣು ಎಂದು ಮನಸ್ಸಿನಲ್ಲಿ ಕಂಡುಕೊಂಡಿತು. ಮನೆಯವರು ಹೊಡೆದು ಬಡಿದು ನೋಡಿದರು. ಕೊನೆಗೆ ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗತಿಯ ದೀಕ್ಷೆಯಾಯಿತು. ಮನೆ ಬಿಟ್ಟಿದ್ದಾಯಿತು, ಬೇಡಿ ತಿಂದದ್ದಾಯಿತು, ಜೀವವೇ ಬೇಡವೆನಿಸಿದ ದಿನಗಳೂ ಬಂದುಹೋದವು.

ಹಾಗಿರುವಾಗ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ತಂದೆ ಹಾಡುತ್ತ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುವುದನ್ನು ಅವರು ಕಂಡರು. ಅದನ್ನು ಕಲಿತರು. ಮುಂದೆ ಕಾಳವ್ವ ಜೋಗತಿಯವರ ಮೇಳ ಸೇರಿ ಜೋಗತಿ ನೃತ್ಯದಲ್ಲಿ, ಯಲ್ಲಮ್ಮನ ಆಟದಲ್ಲಿ ಪಳಗಿದರು. ಕೊಡ ತಲೆಯ ಮೇಲೆ ನಿಲ್ಲಬೇಕಾದರೆ ಬೆನ್ನು ನೆಟ್ಟಗಿರಬೇಕು, ಕುತ್ತಿಗೆ ಹಿಡಿತದಲ್ಲಿರಬೇಕು, ಉಸಿರು ಸಮನಾಗಿರಬೇಕು. ತಲೆ ತಗ್ಗಿಸಿ ನಡೆಯುವಂತೆ ಊರು ಮಾಡಿದ್ದ ಜೀವಕ್ಕೆ ತಲೆ ಎತ್ತಿ ನಿಲ್ಲುವುದನ್ನು ಕಲಿಸಿದ್ದು ಆ ಕೊಡ.

2019ರಲ್ಲಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಹುದ್ದೆಗೆ ಬಂದ ಮೊದಲ ಲಿಂಗತ್ವ ಅಲ್ಪಸಂಖ್ಯಾತರು ಅವರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸಲು ಹೋದಾಗ ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಅವರು ಹೇಳುತ್ತ ಹೋದ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಎಂಬ ಹೆಸರಿನಲ್ಲಿ ಪುಸ್ತಕವಾಗಿದೆ. ಒಂದು ಕಡೆ ಕುಣಿತ, ಇನ್ನೊಂದು ಕಡೆ ತನ್ನ ಚಿತ್ರವನ್ನು ತಾನೇ ಬಿಡಿಸಿ ಲೋಕದ ಮುಂದಿಡುವ ಧೈರ್ಯ, ಎರಡೂ ಒಂದೇ ಜೀವದಲ್ಲಿ ಕೂಡಿಬಂದವು. ಯಾರೂ ಅದನ್ನು ಚಿಕಿತ್ಸೆ ಎಂದು ಕರೆಯಲಿಲ್ಲ. ಆದರೂ ಒಂದು ಜೀವ ಉಳಿದು ಬೆಳೆದದ್ದು ಸತ್ಯ.

ಹಬ್ಬದ ಕುಣಿತ, ಆರೈಕೆಯ ಕುಣಿತ

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಎಂದರೆ ಈ ಸೀಮೆಯ ದೊಡ್ಡ ಹಬ್ಬ. ಹಿಂದೂ, ಮುಸ್ಲಿಂ ಎನ್ನದೆ ಜನ ಸೇರುತ್ತಾರೆ. ಅಲಾಯಿ ಕುಣಿಯ ಸುತ್ತ ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತಾರೆ. ಹರಕೆ ಹೊತ್ತವರು ಮೈಗೆ ಬಣ್ಣ ಬಳಿದುಕೊಂಡು ಹುಲಿಯಾಗುತ್ತಾರೆ. ಬೇರೆ ಬೇರೆ ವೇಷ ಹಾಕಿ ಮನೆಮನೆಗೆ ಹೋಗುತ್ತಾರೆ. ವರ್ಷವಿಡೀ ಸಾಹುಕಾರನೆದುರು ಕೈಕಟ್ಟಿ ನಿಂತ ಮನುಷ್ಯ ಆ ದಿನ ಹುಲಿಯಾಗಿ ಗರ್ಜಿಸುತ್ತಾನೆ. ಕರ್ಬಲಾದ ದುಃಖವನ್ನು ಹಾಡುವ ರಿವಾಯತ್ ಪದಗಳಲ್ಲಿ ತಮ್ಮ ಮನೆಯ ಸಾವಿಗೆ ಅಳಲಾಗದವರೂ ಅಳುತ್ತಾರೆ.

ಇದಕ್ಕೂ ಹಿಂದಿನ ಗುರುತುಗಳಿವೆ. ಮುದಗಲ್ ಬಳಿಯ ಪಿಕ್ಲಿಹಾಳದಲ್ಲಿ 1952ರಲ್ಲಿ ಪುರಾತತ್ವಜ್ಞ ಆಲ್ಚಿನ್ ಉತ್ಖನನ ನಡೆಸಿದರು. ಅಲ್ಲಿನ ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಹಿಂದಿನವರು ಬರೆದ, ಕುಟ್ಟಿ ಮೂಡಿಸಿದ ಎತ್ತುಗಳೂ ಮನುಷ್ಯಾಕೃತಿಗಳೂ ಇವೆ. ಕಲ್ಲಿನ ಮೇಲೆ ತನ್ನಂಥದೇ ಒಂದು ಆಕೃತಿ ಬರೆದ ಆ ಕೈ ಯಾರದೋ ತಿಳಿಯದು. ‘ಇದು ಮನುಷ್ಯ, ನನ್ನಂಥವನು’ ಎಂದು ಗುರುತು ಇಟ್ಟುಹೋಗುವ ಆಸೆ ಮಾತ್ರ ಇವತ್ತಿಗೂ ಅರ್ಥವಾಗುತ್ತದೆ.

ಹಾಗಾದರೆ ಹಬ್ಬದಲ್ಲಿ ಕುಣಿದರೆ ಸಾಕಲ್ಲವೇ, ಚಿಕಿತ್ಸೆ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಎರಡಕ್ಕೂ ವ್ಯತ್ಯಾಸವಿದೆ. ಹಬ್ಬದ ಕುಣಿತದಲ್ಲಿ ಮನುಷ್ಯ ತನ್ನನ್ನು ಮರೆಯುತ್ತಾನೆ; ಆ ಮರೆವಿಗೂ ಬೆಲೆಯಿದೆ. ಆರೈಕೆಯ ಕುಣಿತದಲ್ಲಿ ತನ್ನನ್ನು ಗಮನಿಸುತ್ತಾನೆ. ಹಬ್ಬ ವರ್ಷಕ್ಕೊಮ್ಮೆ ಬರುತ್ತದೆ, ಆರೈಕೆ ವಾರವಾರ ನಡೆಯಬೇಕು. ಹಬ್ಬದಲ್ಲಿ ಹೆಣ್ಣುಮಕ್ಕಳು ಬಹುಮಟ್ಟಿಗೆ ನೋಡುವವರು. ಇಲ್ಲಿ ಅವರೂ ಹೆಜ್ಜೆ ಹಾಕುವವರು. ಈ ನೆಲದಲ್ಲಿ ಹೆಣ್ಣು ಕುಣಿದರೆ ಹೆಸರಿಡುವ ರೂಢಿ ಇದೆ. ಮುತ್ತು ಕಟ್ಟಿಸಿಕೊಂಡವರ ಮನೆಯ ಮಗಳಿಗಂತೂ ಕುಣಿತ ಎಂಬ ಮಾತೇ ಮುಳ್ಳಾಗಿ ಚುಚ್ಚೀತು. ಆದ್ದರಿಂದ ಯಾರೂ ನೋಡದ ಕೋಣೆ, ಪ್ರೇಕ್ಷಕರಿಲ್ಲದ ಕುಣಿತ ಎಂಬುದು ಇಲ್ಲಿ ಬಹಳ ಮುಖ್ಯ.

ನಡೆಸುವ ಬಗೆ ಹೇಗೆ?

ಇದಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಹತ್ತು ಹನ್ನೆರಡು ಮಂದಿ ಕೂಡಲು ಒಂದು ಕೋಣೆ, ಹಳೆಯ ದಿನಪತ್ರಿಕೆಗಳನ್ನು ಅಂಟಿಸಿದ ದೊಡ್ಡ ಹಾಳೆ, ಇದ್ದಿಲು, ಸುಣ್ಣ, ಕೆಮ್ಮಣ್ಣು, ಅರಿಸಿನ, ಒಂದು ಹಲಗೆ ಅಥವಾ ದಮ್ಮಡಿ ಇದ್ದರೆ ಸಾಕು. ರಂಗೋಲಿ ಹಾಕಿ ಪಳಗಿದ ಕೈಗಳಿಗೆ ಗೆರೆ ಹೊಸದಲ್ಲ.

ಮೊದಲು ಉಸಿರು. ಕಣ್ಣು ಮುಚ್ಚಿ, ಉಸಿರು ಮೈಯಲ್ಲಿ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ತಡೆಯುತ್ತದೆ ಎಂದು ನೋಡಿಕೊಳ್ಳುವುದು. ಆಮೇಲೆ ಮೈಯ ಒಂದೊಂದೇ ಭಾಗವನ್ನು ಮೆಲ್ಲಗೆ ಅಲುಗಿಸುವುದು. ದಿನವಿಡೀ ಬಗ್ಗಿ ಭತ್ತದ ಸಸಿ ನೆಟ್ಟವಳ ನಡು, ಹತ್ತಿ ಬಿಡಿಸಿದವಳ ಬೆರಳು, ಗಣಿಯಲ್ಲಿ ಡ್ರಿಲ್ಲಿಂಗ್ ಯಂತ್ರ ಹಿಡಿದವನ ಭುಜ ತಂತಮ್ಮ ಕಥೆ ಹೇಳತೊಡಗುತ್ತವೆ.

ಎರಡನೆಯ ಹೆಜ್ಜೆ ಚಿತ್ರ. ಹಾಳೆಯ ಮೇಲೆ ಮಲಗಿದವರ ಮೈಯ ಸುತ್ತ ಜೊತೆಗಾರರು ಗೆರೆ ಎಳೆಯುತ್ತಾರೆ. ಆ ಆಕೃತಿಯ ಒಳಗೆ ತಮ್ಮ ನೋವು ಎಲ್ಲಿದೆ, ಸಿಟ್ಟು ಎಲ್ಲಿದೆ, ಬಲ ಎಲ್ಲಿದೆ ಎಂದು ತಾವೇ ಬಣ್ಣದಲ್ಲಿ ತುಂಬುತ್ತಾರೆ. 2002ರ ಸುಮಾರಿಗೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಬಳಿಯ ಖಯೆಲಿತ್ಶಾದಲ್ಲಿ ಎಚ್‌ಐವಿ ಸೋಂಕಿತ ತಾಯಂದಿರು ಇಂಥ ಮೈಚಿತ್ರಗಳನ್ನು ಬರೆದರು. ವೈರಸ್ಸನ್ನೂ ಬರೆದರು, ಅದರೊಡನೆ ಹೋರಾಡುವ ಔಷಧವನ್ನೂ ಬರೆದರು, ತಮ್ಮ ಮಕ್ಕಳ ಹೆಸರನ್ನೂ ಬರೆದರು. ಆ ಪದ್ಧತಿ ಮುಂದೆ ಹಲವು ದೇಶಗಳಿಗೆ ಹರಡಿತು. ಮುಖವನ್ನಷ್ಟೇ ಬರೆಯುವುದಾದರೆ ಅಂಗೈಯಗಲದ ಕನ್ನಡಿ ಸಾಕು. ಹಾಳೆ ನೋಡದೆ, ಕನ್ನಡಿ ಮಾತ್ರ ನೋಡುತ್ತ ಬರೆಯುವ ಅಭ್ಯಾಸವೂ ಇದೆ. ಚಂದ ಬರಬೇಕೆಂಬ ಹಟ ಅಲ್ಲಿ ತಾನಾಗಿ ಬಿಟ್ಟುಹೋಗುತ್ತದೆ.

ಮೂರನೆಯದು ಚಲನೆ. ತಮ್ಮ ಚಿತ್ರದ ಒಂದು ಗೆರೆಯನ್ನು ಆರಿಸಿಕೊಂಡು ಅದನ್ನು ಮೈಯಲ್ಲಿ ತೋರಿಸುವುದು. ಎದೆಯ ಮೇಲೆ ಕರಿ ಮುದ್ದೆ ಬರೆದವರು ಆ ಮುದ್ದೆ ಹೇಗೆ ನಿಲ್ಲುತ್ತದೆ, ಹೇಗೆ ನಡೆಯುತ್ತದೆ ಎಂದು ನಡೆದು ತೋರಿಸಬಹುದು. ಜೊತೆಗಾರರು ಕನ್ನಡಿಯಂತೆ ಅದನ್ನೇ ಮಾಡುತ್ತಾರೆ. ತನ್ನ ಭಾರವನ್ನು ಇನ್ನೊಬ್ಬರ ಮೈಯಲ್ಲಿ ಕಂಡಾಗ, ಇದು ನನ್ನೊಬ್ಬಳ ಪಾಪವಲ್ಲ, ಮನುಷ್ಯರಿಗೆ ಬರುವ ಕಷ್ಟ ಎಂಬ ತಿಳಿವು ಮೂಡುವುದುಂಟು. ಆಮೇಲೆ ಎಲ್ಲರೂ ಕೈಹಿಡಿದು ವೃತ್ತದಲ್ಲಿ ನಿಂತು, ಕೋಲಾಟದ್ದೋ ಹೆಜ್ಜೆ ಮೇಳದ್ದೋ ಗೊತ್ತಿರುವ ಹೆಜ್ಜೆಯನ್ನು ಹಾಕಿ ಮುಗಿಸುತ್ತಾರೆ.

ಕೊನೆಯದು ಮತ್ತೊಂದು ಸಣ್ಣ ಚಿತ್ರ. ಮೊದಲಿನದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಏನಾದರೂ ಬದಲಾಗಿದೆಯೇ, ಇಲ್ಲವೇ ಎಂದು ಹೇಳುವ ಹಕ್ಕು ಬರೆದವರದು ಮಾತ್ರ. ‘ಕರಿ ಬಣ್ಣ ಬಳಸಿದ್ದೀ, ನಿನಗೆ ಖಿನ್ನತೆ ಇದೆ’ ಎಂದು ಬೇರೆಯವರು ಅರ್ಥ ಹಚ್ಚಕೂಡದು. ಅದು ಜ್ಯೋತಿಷ್ಯವಾದೀತು, ಆರೈಕೆಯಾಗದು.

ಮಿತಿ ಮತ್ತು ಎಚ್ಚರ

ಇಷ್ಟು ಹೇಳಿದ ಮೇಲೆ ಮಿತಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಕುಣಿತದಿಂದ ಖಿನ್ನತೆ ವಾಸಿಯಾಗುತ್ತದೆಯೇ ಎಂದು ಕಾಕ್ರೇನ್ ಸಂಸ್ಥೆಯ ಪರಿಶೀಲಕರು 2015ರಲ್ಲಿ ಲೆಕ್ಕ ಹಾಕಿ ನೋಡಿದರು. ಅವರಿಗೆ ಸಿಕ್ಕ ಸರಿಯಾದ ಅಧ್ಯಯನಗಳು ಮೂರು, ಅವುಗಳಲ್ಲಿದ್ದವರು ಒಟ್ಟು 147 ಮಂದಿ. ಇಷ್ಟರಿಂದ ಖಚಿತ ತೀರ್ಮಾನಕ್ಕೆ ಬರಲಾಗದು ಎಂದೇ ಅವರು ಬರೆದರು. 2019ರಲ್ಲಿ ಇನ್ನೊಂದು ತಂಡ 41 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಖಿನ್ನತೆ ಮತ್ತು ಆತಂಕ ತಗ್ಗಲು ನೆರವಾಗುವ ಸೂಚನೆಗಳಿವೆ ಎಂದಿತು. ಇದರ ಅರ್ಥ ಇಷ್ಟೆ: ನೆರವು ಸಿಗಬಹುದು, ಆದರೆ ಇದೇ ಮದ್ದು ಎಂದು ಸಾರಲಾಗದು.

ಆದ್ದರಿಂದ ವೈದ್ಯರು ಕೊಟ್ಟ ಗುಳಿಗೆಯನ್ನು ಚಿತ್ರ ಬರೆಯುತ್ತೇನೆಂದು ಬಿಡಬಾರದು. ಸಾಲ ತೀರದ ರೈತನಿಗೆ ಕುಣಿತ ಸಾಲ ತೀರಿಸದು. ನೀರು, ಬೆಲೆ, ವಿಮೆ ಇವುಗಳ ನ್ಯಾಯ ಬೇರೆಯೇ ಆಗಬೇಕು. ಹಳೆಯ ಗಾಯ ಒಮ್ಮೆಲೆ ತೆರೆದುಕೊಂಡರೆ ಕೆಲವರು ಕುಸಿಯಬಹುದು. ಅಂಥ ಹೊತ್ತಿನಲ್ಲಿ ತರಬೇತಿ ಪಡೆದವರು ಪಕ್ಕದಲ್ಲಿರಬೇಕು. ‘ಬೇಡ’ ಎಂದವರನ್ನು ಎಳೆದು ನಿಲ್ಲಿಸಬಾರದು. ಮುಟ್ಟುವ ಮೊದಲು ಕೇಳಬೇಕು. ಚಿತ್ರಗಳನ್ನು ಗೋಡೆಗೆ ಹಚ್ಚಬಾರದು, ಫೋನಿನಲ್ಲಿ ಫೋಟೋ ತೆಗೆದು ಹಂಚಬಾರದು.

ಮಾನಸಿಕ ಆರೋಗ್ಯದ ಸೇವೆಯನ್ನು ಹಳ್ಳಿಗೆ ತರುವ ವಿಷಯದಲ್ಲಿ ಈ ಭಾಗ ಹಿಂದೆ ದೇಶಕ್ಕೇ ದಾರಿ ತೋರಿಸಿದೆ. 1985ರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆ ಊರ ಹತ್ತಿರವೇ ಸಿಗುವಂತೆ ಮಾಡಿ ತೋರಿಸಿತು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆ ಪಡೆಯುವುದನ್ನು ಹಕ್ಕೆಂದು ಒಪ್ಪಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಜೀವ ಬೇಡವೆನಿಸುತ್ತಿದೆ ಎಂದು ಯಾರಾದರೂ ಹೇಳಿದರೆ ಅದನ್ನು ಹಗುರಾಗಿ ತೆಗೆದುಕೊಳ್ಳದೆ ಅಂದೇ ಈ ಸಹಾಯ ಕೊಡಿಸಬೇಕು.

ಸ್ವಸಹಾಯ ಸಂಘಗಳ ವಾರದ ಸಭೆಗಳು ಈ ಮೂರೂ ತಾಲ್ಲೂಕುಗಳ ಹಳ್ಳಿಗಳಲ್ಲಿ ನಡೆಯುತ್ತವೆ. ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ತಾಸು ಉಸಿರು, ಗೆರೆ, ಹೆಜ್ಜೆಗಳಿಗೆ ಮೀಸಲಿಟ್ಟರೆ ಯಾವ ಖರ್ಚೂ ಇಲ್ಲ. ಆಶಾ ಕಾರ್ಯಕರ್ತೆಯರಿಗೆ, ವಸತಿನಿಲಯಗಳ ಮೇಲ್ವಿಚಾರಕರಿಗೆ, ಚಿತ್ರಕಲಾ ಶಿಕ್ಷಕರಿಗೆ ಇದರ ಮೊದಲ ಪಾಠ ಕೊಡಿಸುವುದು ಜಿಲ್ಲೆಯ ಆಡಳಿತಕ್ಕೆ ದೊಡ್ಡ ಕೆಲಸವಲ್ಲ. ಹತ್ತು ಸಾಲು ಬರೆಯಲು ಬಾರದ ತಾಯಿಯೂ ಹತ್ತು ಗೆರೆ ಎಳೆಯಬಲ್ಲಳು. ಈ ಪದ್ಧತಿಯ ಬಲ ಇರುವುದೂ ಅಲ್ಲಿಯೇ.

ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಹೋದವಳೆಂದು ಹೇಳಲಾಗುವ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಿರುಗಿಸಲು ಕಳಿಸಿದಳು. ತನಗೆ ಎಷ್ಟು ಬೇಕು ಎಂಬುದನ್ನು ಅರಿತವಳು ಅವಳು. ಆ ಅರಿವು ಅವಳಿಗೆ ಬಂದದ್ದು ದಿನದಿನದ ಕಾಯಕದಿಂದ, ಅಂದರೆ ದುಡಿಯುವ ಕೈಯಿಂದ, ಬಗ್ಗುವ ನಡುವಿನಿಂದ. ತನ್ನನ್ನು ತಾನು ಅರಿಯುವ ಕೆಲಸ ಪಂಡಿತರಿಗೆ ಮಾತ್ರ ಮೀಸಲಲ್ಲ ಎಂಬುದಕ್ಕೆ ಈ ನೆಲದಲ್ಲೇ ಸಾಕ್ಷಿ ಇದೆ.

ಮಸ್ಕಿಯ ಬಂಡೆಯಲ್ಲಿ ಹೆಸರು ಹೇಳಿಕೊಂಡ ಅರಸನ ಇನ್ನೊಂದು ಬಿರುದು ‘ಪ್ರಿಯದರ್ಶಿ’. ಪ್ರೀತಿಯಿಂದ ನೋಡುವವನು ಎಂಬುದು ಅದರ ಒಂದು ಅರ್ಥ. ಲೋಕವನ್ನು ಹಾಗೆ ನೋಡಬೇಕೆಂದು ಹಿರಿಯರೆಲ್ಲ ಹೇಳುತ್ತಾರೆ. ಕನ್ನಡಿಯಲ್ಲಿ ಕಾಣುವ ದಣಿದ ಮುಖವನ್ನೂ ಒಂದು ದಿನಕ್ಕಾದರೂ ಅದೇ ಕಣ್ಣಿನಿಂದ ನೋಡಿಕೊಂಡರೆ, ಆರೈಕೆ ಅಲ್ಲಿಂದ ಶುರುವಾದಂತೆ.